ನೋಡದೆ ಬರೆದ ಆರು ಸಾಲು

ಹೋದ ವಾರ ನಮ್ಮ ಮನೆಯ ಕಿಟಕಿಯ ಗಾಜು ಒಡೆಯಿತು. ಬಡಿಗ ಬಂದು ಹೊಸ ಗಾಜು ಕೂರಿಸಿ, ಅಂಚಿಗೆಲ್ಲ ಪುಟ್ಟಿ ಮೆತ್ತಿ ಹೋದ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ ನಾದಿದ ಹಳೆಯ ತರದ ಪುಟ್ಟಿ. ಅದರ ವಾಸನೆ ಸಂಜೆಯವರೆಗೂ ಕೋಣೆಯಲ್ಲಿ ನಿಂತಿತ್ತು. ರಾತ್ರಿ ಏಳೂವರೆಗೆ ಸೊಸೆ ಊಟಕ್ಕೆ ಕರೆದಳು. ಏಳೂವರೆ ಎಂದರೆ ನಾನು ಮಣೆಯ ಮೇಲೆ ಇರಬೇಕಾದ ಹೊತ್ತು. ಅಂದು ಏಳಲಾಗಲಿಲ್ಲ. ಆ ವಾಸನೆ ನನ್ನನ್ನು ಪುಣೆಯ ಒಂದು ಮಳೆಗಾಲಕ್ಕೆ ಕರೆದೊಯ್ದಿತ್ತು. ಆ ಮಳೆಗಾಲದ ಬಗ್ಗೆ ಮನೆಯವರಿಗೆ ಈವರೆಗೆ ಅರ್ಧ ಮಾತ್ರ ಹೇಳಿದ್ದೇನೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ಆಗ ನನಗೆ ಇಪ್ಪತ್ಮೂರು ವರ್ಷ. ಎರಡನೆಯ ಮಹಾಯುದ್ಧದ ಸುದ್ದಿ ಇನ್ನೂ ಯಾರ ಬಾಯಲ್ಲೂ ಇರಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ತಾತ್ಕಾಲಿಕ ಸಹಾಯಕನಾಗಿ ಸೇರಿದ್ದೆ. ನದಿಯ ಆಚೆ ದಡದಲ್ಲಿ, ತಗಡಿನ ಮಾಡಿನ ಉದ್ದನೆಯ ಕಟ್ಟಡ. ಮಣ್ಣಿನ ಏರಿಗಳೊಳಗೆ ನೀರು ಹೇಗೆ ಜಿನುಗುತ್ತದೆ ಎಂಬುದು ಅಲ್ಲಿನ ಕೆಲಸ. ಸಹಾಯಕರು ಇಬ್ಬರು, ನಾನು ಮತ್ತು ಬಿಂದೂರಾಯ. ಅವನು ವಿಜಾಪುರದ ಕಡೆಯವನು. ನನಗಿಂತ ನಾಲ್ಕು ವರ್ಷ ದೊಡ್ಡವನು, ಲಗ್ನವಾದವನು. ಹೆಂಡತಿಯನ್ನು ತವರಿನಲ್ಲಿ ಬಿಟ್ಟು ಬಂದಿದ್ದ. ಸದಾಶಿವ ಪೇಠದ ಒಂದು ವಾಡೆಯ ಮಾಳಿಗೆಯಲ್ಲಿ ಇಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಅದೇ ಓಣಿಯಲ್ಲಿ ಗೋದಕ್ಕ ಎಂಬ ಧಾರವಾಡದ ವಿಧವೆ ನಡೆಸುತ್ತಿದ್ದ ಖಾನಾವಳಿಯಲ್ಲಿ ಊಟ.

ನನ್ನ ತಂದೆ ಶಾಲಾ ಮಾಸ್ತರರು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಹನ್ನೊಂದೂವರೆಗೆ ಊಟ, ಹಾಸಿಗೆಯ ಮೂಲೆಗಳು ಚೌಕವಾಗಿ ಮಡಚಿರಬೇಕು. ಇದು ಅವರು ಕಲಿಸಿದ ಕ್ರಮ. ಬಿಂದೂರಾಯನಿಗೆ ಇದೆಲ್ಲ ಮೋಜು.

“ಮಾಸ್ತರ ಮಗನ, ನೀ ಹುಟ್ಟೂವಾಗ ಗಡಿಯಾರ ನುಂಗಿಕೋತ ಬಂದೀಯೇನಲೇ?” ಎನ್ನುತ್ತಿದ್ದ. “ಕಿವಿ ಹಚ್ಚಿದ್ರ ಟಿಕ್ ಟಿಕ್ ಕೇಳಸ್ತದ.”

ಆದರೆ ನನ್ನ ನೋಂದಣಿ ಪುಸ್ತಕವನ್ನು ಅವನು ಎಂದೂ ಗೇಲಿ ಮಾಡಲಿಲ್ಲ. ಪ್ರಯೋಗ ನಡೆಯುವಾಗ ಅರ್ಧ ತಾಸಿಗೊಮ್ಮೆ ಅಳತೆ ಬರೆಯಬೇಕಿತ್ತು. ನನ್ನ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಇರುತ್ತಿರಲಿಲ್ಲ, ಒಂದು ಅಂಕಿಯೂ ತಿದ್ದಿರುತ್ತಿರಲಿಲ್ಲ. ನಮ್ಮ ಮೇಲಿನ ಸಾಹೇಬರು ಬೇರೆ ಊರಿನಿಂದ ಬಂದ ಅತಿಥಿಗಳಿಗೆ ಆ ಪುಸ್ತಕ ತೆಗೆದು ತೋರಿಸುತ್ತಿದ್ದರು. ನನಗೆ ಅದರ ಸೊಕ್ಕು ಇತ್ತು.

ಬಿಂದೂರಾಯ ಹಿಡಿದಿದ್ದ ಪ್ರಶ್ನೆ ಹೀಗಿತ್ತು. ಒಣ ಮಣ್ಣಿನ ಒಂದು ತುದಿಗೆ ನೀರು ಬಿಟ್ಟರೆ ತೇವ ಮುಂದಕ್ಕೆ ಸರಿಯುತ್ತದೆ. ಹಸಿ ಮಣ್ಣು ಮುಗಿದು ಒಣ ಮಣ್ಣು ಶುರುವಾಗುವ ಕಡೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂದು ಲೆಕ್ಕದಿಂದ ಮೊದಲೇ ಹೇಳಬೇಕು. ಇದರ ಕಷ್ಟವೇನೆಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ. ಗೋದಕ್ಕನ ಪಂಕ್ತಿಯಲ್ಲಿ ಕೂತು, ಜೋಳದ ಭಕ್ಕರಿ ಮುರಿಯುತ್ತ ಅವನು ಹೇಳಿದ:

“ಹೊಲದ ಬದು ಎಲ್ಲಿ ಅದ ಅಂತ ಗೊತ್ತಿದ್ರ ಒಳಗಿನ ಲೆಕ್ಕ ಯಾರರೆ ಮಾಡ್ತಾರ. ಇಲ್ಲಿ ಬದು ತಾನೇ ನಡಕೋತ ಹೊಂಟದ. ಹೊಲದ ಲೆಕ್ಕ ಮಾಡಬೇಕಂದ್ರ ಬದು ಬೇಕು. ಬದು ಎಲ್ಲಿ ಅದ ಅಂತ ಹೇಳಬೇಕಂದ್ರ ಹೊಲದ ಲೆಕ್ಕ ಬೇಕು. ಎರಡೂ ಕೂಡೇ ಸಿಗಬೇಕು. ತಿಳೀತೇನು?”

“ನೀವು ಲೆಕ್ಕ ಮಾಡೂದರಾಗ ನನ್ನ ಸಾರು ಆರೇ ಹೋಗ್ತದ,” ಎಂದು ಗೋದಕ್ಕ ಗದರಿದಳು. “ಉಣ್ರಿ ಮೊದಲ.”

ಒಂದೇ ಜಾತಿಯ ಮಣ್ಣಾದರೆ ಉತ್ತರ ಸಿಕ್ಕಿತ್ತು. ಗೆರೆ ಮೊದಲು ಬೇಗ, ಆಮೇಲೆ ನಿಧಾನವಾಗಿ, ಒಂದು ಕ್ರಮದಲ್ಲಿ ನಡೆಯುತ್ತದೆ. ಒಂದು ಗೇಣಿಗೆ ಒಂದು ತಾಸಾದರೆ ಎರಡು ಗೇಣಿಗೆ ನಾಲ್ಕು ತಾಸು, ಮೂರು ಗೇಣಿಗೆ ಒಂಬತ್ತು ತಾಸು. ನನ್ನಂಥವನಿಗೆ ಹೇಳಿ ಮಾಡಿಸಿದ ನಿಯಮ. ಸಾಹೇಬರ ನಂಬಿಕೆ, ಎರಡು ಜಾತಿಯ ಮಣ್ಣು ಸೇರಿದರೂ ಸುಮಾರು ಇದೇ ನಿಯಮ ಸಾಕು ಎಂದು. ಬಿಂದೂರಾಯ ಒಪ್ಪುತ್ತಿರಲಿಲ್ಲ. ನುಣುಪು ಮಣ್ಣಿನಿಂದ ದಪ್ಪ ಮರಳಿಗೆ ದಾಟುವ ಸಂದಿಯಲ್ಲಿ ಗೆರೆ ನಿಂತುಬಿಡುತ್ತದೆ, ಹಿಂದೆ ನೀರು ತುಂಬಿಕೊಂಡ ಮೇಲೆ ಒಮ್ಮೆಲೇ ಮುಂದೆ ನುಗ್ಗುತ್ತದೆ ಎಂಬುದು ಅವನ ವಾದ. ಒಂದು ಹಳೆಯ ಕಂದೀಲಿನ ಗಾಜಿನಲ್ಲಿ ಕೆಳಗೆ ಮರಳು, ಮೇಲೆ ಮಣ್ಣು ತುಂಬಿ ತೋರಿಸಿಯೂ ಇದ್ದ. ಸಾಹೇಬರು ನಕ್ಕರು. ಅಂಗೈಯಗಲದ ಗಾಜಿನಲ್ಲಿ ಏನು ಬೇಕಾದರೂ ಆಗಬಹುದು, ದೊಡ್ಡ ಟಾಕಿಯಲ್ಲಿ ಒಂದು ಸಲ ಮಾಡಿ ತೋರಿಸು, ಗೆರೆ ನಿಂತರೆ ನಿನ್ನ ಪ್ರಬಂಧಕ್ಕೆ ನಾನೇ ಸಹಿ ಹಾಕುತ್ತೇನೆ ಎಂದರು. ಮಳೆಗಾಲ ಮುಗಿದೊಡನೆ ಇಬ್ಬರು ಸಹಾಯಕರಲ್ಲಿ ಒಬ್ಬನನ್ನು ಕಾಯಂ ಮಾಡುವುದಿತ್ತು. ಪ್ರಬಂಧ ಒಪ್ಪಿತವಾದರೆ ಆ ಜಾಗ ಬಿಂದೂರಾಯನದೇ ಎಂದು ನನಗೂ ಗೊತ್ತಿತ್ತು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಹೊಟ್ಟೆಕಿಚ್ಚಿನಿಂದ ಮಾಡಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು.

ಟಾಕಿ ಎಂದರೆ ಆರು ಫೂಟು ಉದ್ದದ ತೊಟ್ಟಿ, ಒಂದು ಬದಿಗೆ ಗಾಜು. ಗಾಜಿನ ಅಂಚಿಗೆ ಪ್ರತಿಸಲ ಹೊಸ ಪುಟ್ಟಿ ಮೆತ್ತಬೇಕು. ಆಷಾಢ, ಶ್ರಾವಣವೆಲ್ಲ ನಾವಿಬ್ಬರೂ ಮಣ್ಣು ಒಣಗಿಸಿದೆವು. ಹೊರಗೆ ಬಿಡದೆ ಹಿಡಿದ ಮಳೆ, ಒಳಗೆ ಇದ್ದಲಿ ಒಲೆಯ ಮೇಲೆ ತಗಡಿನ ತಟ್ಟೆಯಲ್ಲಿ ಮಣ್ಣು ಹುರಿಯುವ ಕೆಲಸ. ಜರಡಿ ಹಿಡಿದು, ಬೆರಳಗಲದ ಪದರ ಪದರವಾಗಿ ತುಂಬಿ, ಮರದ ಕೊರಡಿನಿಂದ ಬಡಿದು ಕೂರಿಸಬೇಕು. ಒಂದು ಸಲ ಟಾಕಿ ತುಂಬಲು ಮೂರು ವಾರ. ಅರ್ಧಕ್ಕೆ ಭೋರ್ ಕಡೆಯ ಜಿಗುಟು ಮಣ್ಣು, ಉಳಿದರ್ಧಕ್ಕೆ ನದಿಯ ದಪ್ಪ ಮರಳು. ಬಿಂದೂರಾಯನ ಕೈ ಒಡೆದು ರಕ್ತ ಬರುತ್ತಿತ್ತು. ಪುಟ್ಟಿಯ ಎಣ್ಣೆಯನ್ನೇ ಹಚ್ಚಿಕೊಂಡು ನಗುತ್ತಿದ್ದ.

ದಿನವೂ ನಿಶ್ಚಯವಾಯಿತು, ಅನಂತ ಚತುರ್ದಶಿ. ಅದು ರಜೆಯ ದಿನ. ಪಕ್ಕದ ಕಾರ್ಖಾನೆಯ ಸುತ್ತಿಗೆ ನಿಂತಿರುತ್ತದೆ, ಟಾಕಿ ಅದುರುವುದಿಲ್ಲ. ಅದರ ಮರುದಿನದಿಂದ ಟಾಕಿ ಬೇರೆ ವಿಭಾಗದವರಿಗೆ ಹೋಗುವುದಿತ್ತು. ಅಂದರೆ ನಮಗೆ ಇದ್ದದ್ದು ಆ ಒಂದೇ ದಿನ. ಅಷ್ಟರಲ್ಲಿ ಸಾಹೇಬರು ಮುಂದಿನ ಕೆಲಸದ ಮಣ್ಣು ತರಲು ಬಿಂದೂರಾಯನನ್ನು ಭೋರ್‌ಗೆ ಕಳಿಸಿದರು. ಎರಡು ದಿನ ಮೊದಲೇ ಮರಳಬೇಕಿದ್ದವನು ಹಳ್ಳ ಏರಿ ಮೋಟಾರು ಬಾರದೆ ಅಲ್ಲೇ ಸಿಕ್ಕಿಬಿದ್ದ. ಅವನ ತಂತಿ ಬಂತು. ನೀನೇ ನಡೆಸು, ಸಂದಿಯ ಹತ್ತಿರ ಬಂದಾಗ ಕಣ್ಣು ತೆಗೆಯಬೇಡ.

ಅವನು ಹೋಗುವಾಗಲೂ ಅದನ್ನೇ ಹೇಳಿದ್ದ. ಅನಂತನ ವ್ರತ ನಮ್ಮ ಮನೆಯದು. ಹದಿನಾಲ್ಕು ವರ್ಷ ಬಿಡದೆ ಪೂಜೆ ಮಾಡಿ ತೋಳಿಗೆ ದಾರ ಕಟ್ಟಿಕೊಳ್ಳಬೇಕು, ನನ್ನದು ಹನ್ನೊಂದನೆಯ ವರ್ಷ. ಅದು ಅವನಿಗೆ ಗೊತ್ತಿತ್ತು.

“ಅಕಸ್ಮಾತ್ ನಾ ಬರೂದು ತಡಾ ಆದ್ರ, ನೀ ದಾರ ಸಂಜೀಕೆ ಕಟ್ಟಿಕೋ. ಅನಂತ ನಿನ್ನ ಅಪ್ಪನಂಗ ಮಾಸ್ತರ ಅಲ್ಲೋ, ಹಾಜರಿ ಹಾಕೂದಿಲ್ಲ.”

“ನಡುವ ಊಟಕ್ಕ ಎದ್ದು ಹೋಗೂದಿಲ್ಲ, ಹೋಗೂದಿಲ್ಲ. ಅವಲಕ್ಕಿ ಕಟ್ಟಿಕೊಂಡು ಹೋಗತೀನಿ,” ಎಂದೆ.

ಅಂದು ಬೆಳಿಗ್ಗೆ ಆರಕ್ಕೆ ನೀರು ಬಿಟ್ಟೆ. ಅರ್ಧ ತಾಸಿಗೊಮ್ಮೆ ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ಗೆರೆ ಎಳೆದು, ಅಳೆದು ಬರೆದೆ. ಹತ್ತರ ಹೊತ್ತಿಗೆ ಸಿಪಾಯಿ ರಾಮಭಾವೂ ತನ್ನ ಪೇಠೆಯ ಗಣಪತಿಯ ಮುಂದೆ ಲೇಜಿಮು ಆಡಲು ರಜೆ ಕೇಳಿದ. ಕೊಟ್ಟೆ. ಹನ್ನೊಂದರ ಅಳತೆ ಬರೆದಾಗ ಗೆರೆ ಸಂದಿಯನ್ನು ಮುಟ್ಟಿಯೇ ಇತ್ತು. ಅವಲಕ್ಕಿಯ ಗಂಟು ಮೇಜಿನ ಮೇಲೆ ಇತ್ತು.

ನಾನು ಎದ್ದು ಸೈಕಲ್ಲು ತೆಗೆದೆ. ಭಕ್ತಿಯಿಂದಲ್ಲ. ಹನ್ನೊಂದೂವರೆಗೆ ನಾನು ಮಣೆಯ ಮೇಲೆ ಇರುವವನು, ವ್ರತದ ದಿನ ಪೂಜೆಯಾಗಿ ದಾರ ಕಟ್ಟಿಕೊಂಡು ಉಣ್ಣುವವನು. ಕಾಲು ತಾನಾಗಿ ನಡೆಯಿತು. ಒಂದು ಅಳತೆ ತಪ್ಪುತ್ತದೆ, ಹನ್ನೆರಡಕ್ಕೆ ಬಂದುಬಿಡುತ್ತೇನೆ ಎಂದುಕೊಂಡೆ.

ಗೋದಕ್ಕನ ಮನೆಯಲ್ಲಿ ಭಟ್ಟರು ಇನ್ನೂ ಬಂದಿರಲಿಲ್ಲ.

“ಮೂರು ಮನಿ ಪೂಜಾ ಒಪ್ಪಿಕೊಂಡಾರ, ಬರ್ತಾರ, ಕೂಡು,” ಎಂದಳು ಗೋದಕ್ಕ. “ಅವಸರದಾಗ ದಾರ ಕಟ್ಟಿಕೋಬಾರದಪಾ.”

ಕೂತೆ. ದಾರ ಕಟ್ಟಿಕೊಂಡು ನಾಲ್ಕು ತುತ್ತು ನುಂಗಿ ಹೊರಗೆ ಬಂದಾಗ ಹನ್ನೆರಡೂವರೆ ದಾಟಿತ್ತು. ನದಿ ದಾಟುವ ಲಕಡಿ ಪೂಲಿನ ಹತ್ತಿರ, ಮುಳುಗಿಸಲು ಒಯ್ಯುವ ಗಣಪತಿಗಳ ಸಾಲು. ತಾಳ, ಲೇಜಿಮು, ಗುಲಾಲು. ಸೇತುವೆಯ ಮೇಲೆ ಸೈಕಲ್ಲಿರಲಿ, ಸೂಜಿ ತೂರಿಸಲೂ ಜಾಗವಿರಲಿಲ್ಲ. ಪೊಲೀಸರು ಹಗ್ಗ ಕಟ್ಟಿದ್ದರು. ನಾನು ಕೈಗಡಿಯಾರ ನೋಡುತ್ತ, ಮೈಯೆಲ್ಲ ಕೆಂಪಾಗಿ ನಿಂತೆ. ಒಂದು. ಒಂದೂವರೆ. ಎರಡು.

ಪ್ರಯೋಗಶಾಲೆಗೆ ಮರಳಿದಾಗ ಎರಡು ಗಂಟೆ ಇಪ್ಪತ್ತು ನಿಮಿಷ. ಆರು ಅಳತೆ ತಪ್ಪಿದ್ದವು.

ಗಾಜಿನ ಮುಂದೆ ಹೋಗಿ ನಿಂತೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಮಣ್ಣಿನಲ್ಲಿ ಗೆರೆ ನೆಟ್ಟಗೆ ಬಂದಿತ್ತು, ಮರಳಿನಲ್ಲಿ ಅದು ಗೆರೆಯಾಗಿ ಉಳಿದಿರಲಿಲ್ಲ. ಮೂರು ಕಡೆ ನೀರು ಬೆರಳಿನಂತೆ ಮುಂದೆ ನುಗ್ಗಿತ್ತು, ನಡುವೆ ಮರಳು ಒಣಗಿಯೇ ಇತ್ತು. ಸಂದಿಯ ಉದ್ದಕ್ಕೂ ಮಣ್ಣು ಕಪ್ಪಾಗಿ, ಕೆಸರಾಗಿ, ನೀರು ಬಹಳ ಹೊತ್ತು ನಿಂತ ಗುರುತು ಇತ್ತು. ಬಿಂದೂರಾಯ ಹೇಳಿದ್ದು ಹೇಳಿದಂತೆಯೇ ಆಗಿತ್ತು. ನಾನು ಅದನ್ನು ನೋಡಿದೆ. ಆದರೆ ಎಷ್ಟು ಹೊತ್ತು ನಿಂತಿತು, ಯಾವಾಗ ನುಗ್ಗಿತು ಎಂದು ಹೇಳುವ ಅಳತೆ ನನ್ನಲ್ಲಿ ಇರಲಿಲ್ಲ. ಮೂರು ಬೆರಳುಗಳ ಸರಾಸರಿ ತೆಗೆದೆ. ಅದು ಸಾಹೇಬರ ನಿಯಮ ಹೇಳುವ ಜಾಗಕ್ಕೇ ಹೆಚ್ಚುಕಡಿಮೆ ಸರಿಹೋಯಿತು. ಪುಸ್ತಕ ತೆರೆದೆ. ಹನ್ನೊಂದರ ಕೆಳಗೆ ಆರು ಸಾಲು ಬೆಳ್ಳಗಿದ್ದವು. ಎರಡು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಅಂಥದ್ದು ಇರಲಿಲ್ಲ. ನಿಯಮದ ಪ್ರಕಾರ ಲೆಕ್ಕ ಹಾಕಿ ಆರೂ ಅಂಕಿ ತುಂಬಿದೆ. ಗಾಜಿನ ಮೇಲೂ ಪಟ್ಟಿ ಹಿಡಿದು ಆರು ಗೆರೆ ಎಳೆದೆ. ಅಕ್ಷರ ಎಂದಿನಂತೆ ದುಂಡಗೆ ಬಂತು.

ಮರುದಿನ ಮಧ್ಯಾಹ್ನ ಬೇರೆ ವಿಭಾಗದವರು ಬರುವುದಿತ್ತು. ಮುಂಜಾನೆಯೇ ರಾಮಭಾವೂನಿಂದ ಟಾಕಿ ಬರಿದು ಮಾಡಿಸಿ ಗಾಜು ತೊಳೆಸಿದೆ.

ಬಿಂದೂರಾಯ ಬಂದದ್ದು ಅದೇ ಸಂಜೆ. ಮೊಣಕಾಲಿನವರೆಗೆ ಕೆಸರು. ಚೀಲ ಇಳಿಸದೆ ವಾಡೆಯ ಮೆಟ್ಟಿಲು ಎರಡೆರಡಾಗಿ ಹತ್ತಿ ಬಂದ.

“ನಿಂತತೇನೋ?”

ನಾನು ಪುಸ್ತಕ ಚಾಚಿದೆ. ಅವನು ಬಾಗಿಲಲ್ಲೇ ನಿಂತು ಓದಿದ. ಬೆರಳು ಹನ್ನೊಂದರ ಸಾಲಿನ ಮೇಲೆ ನಿಂತಿತು, ಹನ್ನೊಂದೂವರೆಗೆ ಇಳಿಯಿತು, ಹನ್ನೆರಡಕ್ಕೆ ಇಳಿಯಿತು. ಎರಡು ಗಂಟೆಯವರೆಗೂ ಹೋಗಿ ಮತ್ತೆ ಮೇಲೆ ಬಂತು.

“ನಿಂತಿಲ್ಲ,” ಎಂದ. “ನೀ ಕಣ್ಣಾರೆ ನೋಡಿದೀ ಅಲಾ?”

“ಪುಸ್ತಕದಾಗ ಅದ ಅಲಾ,” ಎಂದೆ.

“ಹೌದಪಾ. ಪುಸ್ತಕದಾಗ ಅದ.” ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. ಕೆಸರಿನ ಕಾಲು ನೋಡಿಕೊಂಡು ನಕ್ಕ. “ಬ್ಯಾರೆ ಯಾರರೆ ಬರದಿದ್ರ ನಾ ನಂಬತಿದ್ದಿಲ್ಲ ನೋಡು. ನೀ ಬರದೀ ಅಂದ ಮ್ಯಾಲೆ ಮುಗೀತು.”

ಆಗ ಹೇಳಬಹುದಿತ್ತು. ಮರುವಾರ ಸಾಹೇಬರ ಕೋಣೆಯಲ್ಲಿಯೂ ಹೇಳಬಹುದಿತ್ತು. ಅಲ್ಲಿ ಸಾಹೇಬರು ನನ್ನ ಅಂಕಿಗಳಿಂದ ಎಳೆದ ನುಣುಪಾದ ವಕ್ರರೇಖೆಯನ್ನು ಎತ್ತಿ ಹಿಡಿದು, “ಇದರಲ್ಲಿ ನಿಮ್ಮ ನಿಲುಗಡೆ ಎಲ್ಲಿದೆ, ತೋರಿಸಿ,” ಎಂದು ಅವನನ್ನು ಮರಾಠಿಯಲ್ಲಿ ಕೇಳಿದರು. ಬಿಂದೂರಾಯ ವಾದ ಮಾಡಲಿಲ್ಲ. ತನ್ನದೇ ತಪ್ಪು, ಕಂದೀಲಿನ ಗಾಜನ್ನು ನಂಬಬಾರದಿತ್ತು ಎಂದ. ಪ್ರಬಂಧದ ನಲವತ್ತು ಹಾಳೆ ಮೇಜಿನಿಂದ ತಾನೇ ಹಿಂದಕ್ಕೆ ತೆಗೆದುಕೊಂಡ. ನಾನು ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಹೇಳಿದರೆ ನನ್ನ ಪುಸ್ತಕದ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ ಎಂಬ ಒಂದೇ ಯೋಚನೆ ತಲೆಯಲ್ಲಿತ್ತು.

ದಸರೆಗೆ ಮುಂಚೆ ಅವನು ಊರಿಗೆ ಹೊರಟ. ಬಾಗಲಕೋಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಟಾಂಗಾದಲ್ಲಿ ಕೂತು, “ಕಾಯಂ ಜಾಗಾ ನಿನಗ ಸಿಗಲಿ. ಸಿಕ್ಕ ಮ್ಯಾಲೆ ಒಂದು ದಿನರೆ ತಡಾ ಮಾಡಿ ಉಣ್ಣು,” ಎಂದ. ಜಾಗ ನನಗೇ ಸಿಕ್ಕಿತು.

ಮುಂದಿನ ಹನ್ನೊಂದು ವರ್ಷ ನಾನು ಅವನಿಗೆ ಪ್ರತಿ ಯುಗಾದಿಗೆ ಒಂದು ಕಾರ್ಡು ಬರೆದೆ. ಕಾರ್ಡಿನಲ್ಲಿ ಕ್ಷೇಮ ಸಮಾಚಾರ ಮಾತ್ರ ಇರುತ್ತಿತ್ತು. ಸ್ವಾತಂತ್ರ್ಯ ಬರುವುದಕ್ಕೆ ಹಿಂದಿನ ಚಳಿಗಾಲದಲ್ಲಿ ಕೆಲಸದ ಮೇಲೆ ಬಾಗಲಕೋಟೆಯ ಕಡೆ ಹೋಗಬೇಕಾಯಿತು. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ಈ ಸಲ ಹೇಳುತ್ತೇನೆ ಎಂದು ನಿಶ್ಚಯಿಸಿಕೊಂಡಿದ್ದೆ. ಶಾಲೆಗೆ ಹೋದಾಗ ಪಾಠ ನಡೆದಿತ್ತು. ಮೇಜಿನ ಮೇಲೆ ಒಂದು ಕಂದೀಲಿನ ಗಾಜು. ಕೆಳಗೆ ಮರಳು, ಮೇಲೆ ಮಣ್ಣು. ಸುತ್ತಲೂ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು.

“ನಿಂತತರೀ ಸರ! ನಿಂತತು!”

“ನಿಂತಂಗ ಕಾಣಸ್ತದ,” ಎಂದ ಬಿಂದೂರಾಯ. ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. “ನನಗೂ ಹಂಗ ಕಾಣಸ್ತದ. ಅದು ಗಾಜು ಸಣ್ಣದು ಅಂತ ಆಗೂ ಮೋಸ. ಪುಣೆದಾಗ ಆರು ಫೂಟಿನ ಟಾಕಿಯೊಳಗ ಒಬ್ಬರು ಗಡಿಯಾರ ಹಿಡಕೊಂಡು ನೋಡ್ಯಾರ, ನಿಂತಿಲ್ಲ. ನಮ್ಮ ಕಣ್ಣಿಗಿಂತ ಸರಿಯಾಗಿ ಬರದ ಪುಸ್ತಕ ದೊಡ್ಡದು. ಏನು?”

“ಪುಸ್ತಕ ದೊಡ್ಡದು!” ಎಂದು ಮಕ್ಕಳು ಒಂದೇ ದನಿಯಲ್ಲಿ ಹೇಳಿದರು. ಹೇಳಿ ರೂಢಿಯಾಗಿತ್ತು.

ಅಷ್ಟರಲ್ಲಿ ನನ್ನನ್ನು ಕಂಡ. ಮುಖ ಅರಳಿತು. “ಅರೆ, ಏಳ್ರಿ, ಏಳ್ರಿ, ನಮಸ್ಕಾರ ಮಾಡ್ರಿ! ಗಡಿಯಾರ ಹಿಡಕೊಂಡು ನೋಡಿದವರು ಅಂತ ಪ್ರತಿ ವರ್ಷಾ ಹೇಳತೀನಲ್ಲ, ಅವರು ಇವರೇ!”

ನಲವತ್ತು ಮಕ್ಕಳು ಎದ್ದು ಕೈಮುಗಿದರು.

ಗಂಟೆ ಬಾರಿಸಿ ಅವರು ಹೊರಗೆ ಓಡಿದ ಮೇಲೆ, ಆ ಮೇಜಿನ ಮುಂದೆಯೇ ನಿಂತು ಎಲ್ಲವನ್ನೂ ಹೇಳಿದೆ. ದಾರ, ಭಟ್ಟರು, ಸೇತುವೆ, ಮೂರು ಬೆರಳು, ತೊಳೆಸಿದ ಗಾಜು. ಮುಗಿದ ಮೇಲೆ ಅವನು ಬಾಗಿ ಗಾಜನ್ನು ನೋಡಿದ. ಆ ಹೊತ್ತಿಗೆ ನೀರು ಮರಳಿಗೆ ಇಳಿದಾಗಿತ್ತು.

“ಖಾಲಿ ಬಿಡಬೇಕಿತ್ತಲ್ಲೋ,” ಎಂದ. “ಆರು ಸಾಲು ಖಾಲಿ ಇದ್ದಿದ್ರ ಸಾಹೇಬರ ಕಾಲು ಹಿಡಿದು ಮತ್ತೊಮ್ಮೆ ಟಾಕಿ ಕೇಳತಿದ್ದೆ. ಮೂರು ವಾರ ಮತ್ತ ಮಣ್ಣು ಬಡೀತಿದ್ದೆ. ನೀ ಕೇಳಾಕೂ ಏನೂ ಉಳಸಲಿಲ್ಲ ನನಗ.”

“ನನ್ನ ಜಾಗಾ ನಿಂದು, ಬಿಂದೂ. ನಾ ಸಾಹೇಬರಿಗೆ ಬರೀತೀನಿ—”

“ಜಾಗಾದ ಮಾತು ಬಿಡು. ನನ್ನ ವಯಸ್ಸು ನೋಡಿದೀಯಿಲ್ಲೊ?” ಮೊದಲ ಸಲ ದನಿ ಏರಿತು. “ನಾ ಹಾಳಾಗಿದ್ದು ಇರಲಿ. ಹನ್ನೊಂದು ವರ್ಷ, ವರ್ಷಾ ಈ ಗಾಜು ಇಟ್ಟು, ಕೂಸುಗಳು ‘ನಿಂತತು’ ಅಂದಾಗೊಮ್ಮೆ, ನಿಮ್ಮ ಕಣ್ಣು ಸುಳ್ಳು ಅಂತ ಹೇಳೀನಲ್ಲ. ನನ್ನ ಬಾಯಿಲೆ ಹೇಳೀನಿ. ಅದೇನು ಮಾಡತೀ?”

ಅವನು ಕಪಾಟು ತೆರೆದು ಹಳೆಯ ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹಾಕಿದ. ಹನ್ನೊಂದು ಇದ್ದವು. ಪಕ್ಕದಲ್ಲಿ ಮಸಿಯ ದೌತಿ, ಬರೆಯುವ ಟಾಕು ಇಟ್ಟ.

“ಹೆಸರು, ಊರು ಬರಕೋ. ಇವತ್ತಿನವರಿಗೆ ನಾ ನಾಳೆ ಹೇಳತೀನಿ. ಹೋದವರಿಗೆ ನೀ ಬರಿ.”

ಅಷ್ಟು ಹೇಳಿ ಮನೆಗೆ ಹೋದ. ನನ್ನನ್ನು ಕರೆಯಲಿಲ್ಲ. ಕರೆಯಬೇಕಾದ ಕಾರಣವೂ ಇರಲಿಲ್ಲ. ಶಾಲೆಯ ಸಿಪಾಯಿ ಬಾಗಿಲು ಹಾಕಲು ಬರುವವರೆಗೆ ನಾನು ಹೆಸರು ಇಳಿಸಿಕೊಂಡೆ. ಉಳಿದದ್ದನ್ನು ಮರುದಿನ ಬಂದು ಬರೆದುಕೊಂಡೆ.

ಪುಣೆಗೆ ಮರಳಿ, ದಿನಕ್ಕೆ ಎಂಟರಂತೆ ಕಾರ್ಡು ಬರೆದೆ. ಎಲ್ಲರಿಗೂ ಒಂದೇ ಮಾತು: ‘ನೀವು ಶಾಲೆಯಲ್ಲಿ ಗಾಜಿನೊಳಗೆ ಕಂಡದ್ದು ಸರಿ. ನೀರು ನಿಂತಿತ್ತು. ನಿಮ್ಮ ಗುರುಗಳು ನಂಬಿದ ಪುಸ್ತಕ ನನ್ನದು, ಅದರಲ್ಲಿ ನಾನು ನೋಡದೆ ಬರೆದಿದ್ದೆ.’ ಹೆಚ್ಚಿನವರು ಉತ್ತರಿಸಲಿಲ್ಲ. ಕೆಲವರು ತಮಗೆ ಅಂಥ ಪಾಠ ನೆನಪೇ ಇಲ್ಲ ಎಂದು ಬರೆದರು. ಸೊಲ್ಲಾಪುರದ ಗಿರಣಿಯಲ್ಲಿ ಕಾರಕೂನನಾಗಿದ್ದ ಒಬ್ಬ, ತಾನು ಅಂದು ‘ನಿಂತತು’ ಎಂದು ಹಟ ಹಿಡಿದು ತರಗತಿಯ ನಗೆಗೀಡಾದವನು, ಪತ್ರವನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ ಎಂದು ಬರೆದ.

ವಿಳಾಸದವರು ಸಿಗದೆ ಹದಿನೇಳು ಕಾರ್ಡು ಮರಳಿ ಬಂದವು. ಯುದ್ಧಕ್ಕೆ ಹೋದವರಿದ್ದರು, ಮುಂಬಯಿಗೆ ಹೋದವರಿದ್ದರು, ಗಂಡನ ಮನೆಗೆ ಹೋಗಿ ಹೆಸರು ಬದಲಾದ ಇಬ್ಬರು ಹುಡುಗಿಯರಿದ್ದರು. ಆ ಹದಿನೇಳು ಹೆಸರು ನನಗೆ ಬಾಯಿಪಾಠ ಬರುತ್ತವೆ. ಅವರಲ್ಲಿ ಬದುಕಿರುವವರು ಇವತ್ತಿಗೂ, ಎಲ್ಲೋ ಕೂತು, ಅಂದು ತಮ್ಮ ಕಣ್ಣೇ ತಪ್ಪು ಕಂಡಿತ್ತು ಎಂದುಕೊಂಡಿದ್ದಾರೆ.